ಮೂರನೆಯ ಭಾಗ

ಫಿಂಟನ್ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಾಗ ನನ್ನ ಕೈಯಲ್ಲಿ ಕುದಿಯುವ ಕೆಟಲ್ ಇತ್ತು. ಅವನ ತಲೆಯ ಮೇಲೆ ಸುರಿಯದೆ ಬಿಟ್ಟೆ. ಪಕ್ಕದ ಕೋಣೆಯಲ್ಲಿ ತೀರಿಕೊಂಡ ಅಪ್ಪನನ್ನು ಮಲಗಿಸಿದ್ದೆವು, ಕೊನೆಯ ಸಲ ಮುಖ ನೋಡಲು ಕ್ಲೇರ್ ಜಿಲ್ಲೆಯ ಅರ್ಧ ಜನ ಬಂದು ಕೂತಿದ್ದರು.

ಆರು ವರ್ಷವಾಗಿತ್ತು ಅವನನ್ನು ನೋಡಿ. ಕಿವಿಯ ಹತ್ತಿರ ಕೂದಲು ನರೆತಿತ್ತು. ಅದು ಅವನಿಗೆ ಒಪ್ಪುತ್ತಿತ್ತು. ಅದಕ್ಕೂ ಸಿಟ್ಟು ಬಂತು.

"ಇವನನ್ನ ಯಾರು ಕರೆದದ್ದು?"

"ನಾನೇ ಕಣೇ ಸೋರ್ಚಾ," ಎಂದಳು ಪೆಗ್ ಅತ್ತೆ, ಸ್ಯಾಂಡ್‌ವಿಚ್ ಕತ್ತರಿಸುತ್ತಲೇ. "ನಾಳೆ ಸಮಾಧಿ ಹತ್ರ ನಿಮ್ಮಪ್ಪನ ಟ್ಯೂನ್ ಯಾರು ಬಾರಿಸ್ತಾರೆ? ನಿನ್ನ ಮುರಿದ ಕೈಯಾ?"

ಕೊಟ್ಟಿಗೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮುರಿದ ನನ್ನ ಎಡಗೈ ಪ್ಲಾಸ್ಟರಿನಲ್ಲಿತ್ತು. ಆ ಟ್ಯೂನನ್ನು ಪಿಟೀಲಿನಲ್ಲಿ ಬಲ್ಲವರು ಇನ್ನು ಇಬ್ಬರೇ. ನಾನು, ಮತ್ತು ಈ ಕಳ್ಳ.

'ಕರು ಹಾಕಿದ ಬೆಳಗು' ಅದರ ಹೆಸರು. ಅಪ್ಪನಿಗೆ ಅವನ ಅಜ್ಜಿಯಿಂದ ಬಂದದ್ದು, ಮೂರು ಭಾಗದ ಜಿಗ್, ಕುಣಿತದ ಮಟ್ಟು. ಅಪ್ಪ ಅದನ್ನು ಹೊರಗೆಲ್ಲೂ ಬಾರಿಸಿದವನಲ್ಲ. ಬೇರೆ ಪಿಟೀಲಿನವರ ಕಾರು ಅಂಗಳಕ್ಕೆ ಬಂತೆಂದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದ. ಅಂಥದ್ದನ್ನು ನಾನು ಕದ್ದುಮುಚ್ಚಿ ಸಮುದ್ರದ ದಡದಲ್ಲಿ, ಫಿಂಟನ್‌ನ ವ್ಯಾನಿನೊಳಗೆ ಕೂತು ಅವನಿಗೆ ಕೊಟ್ಟೆ. ನಮ್ಮಲ್ಲಿ ಹುಡುಗಿ ಇದಕ್ಕಿಂತ ಹೆಚ್ಚೇನು ಕೊಟ್ಟಾಳು?

ಎರಡು ತಿಂಗಳಿಗೆ ಅವನು ಅದನ್ನು ರೇಡಿಯೋದಲ್ಲಿ ಬಾರಿಸಿದ. ಯಾರಿಂದ ಕಲಿತಿರಿ ಎಂದು ಕೇಳಿದರು. ಟ್ಯೂನ್ ಯಾರಿಂದ ಬಂತೆಂದು ಹೇಳದವನನ್ನು ನಮ್ಮ ಕಡೆ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಅವನು ಹೇಳಿದ, "ನೆನಪಿಲ್ಲ." ನಾನು ಇದೇ ಅಡುಗೆಮನೆಯಲ್ಲಿ ಅಪ್ಪನ ಪಕ್ಕ ಕೂತು ಕೇಳಿಸಿಕೊಂಡೆ. ಆಮೇಲೆ ಬಂದ ಫಿಂಟನ್‌ನ ಕಾಗದಗಳನ್ನು ಒಡೆಯದೆ ಒಲೆಗೆ ಹಾಕಿದೆ.

ಪೆಗ್ ಅತ್ತೆ ನಮ್ಮಿಬ್ಬರನ್ನೂ ಹಿತ್ತಲಿನ ಷೆಡ್ಡಿಗೆ ತಳ್ಳಿದಳು. "ಕಿತ್ತಾಡೋದು ಅಲ್ಲಿ ಕಿತ್ತಾಡಿ. ಇಲ್ಲಿ ಪಾದ್ರಿಗಳು ಚಹಾ ಕುಡೀತಿದಾರೆ."

ಫಿಂಟನ್ ಪಿಟೀಲು ತೆಗೆದು ಶ್ರುತಿ ಮಾಡಿದ. ನನ್ನ ಕಡೆ ನೋಡಲಿಲ್ಲ. ಬಾರಿಸಿದ. ಎರಡು ಭಾಗ ಮುಗಿಸಿ ಮತ್ತೆ ಮೊದಲಿಗೆ ಹೋದ.

"ನಿಲ್ಸು. ಮೂರನೇದು ಇದೆ."

ಅವನ ಕಮಾನು ತಂತಿಯ ಮೇಲೇ ನಿಂತಿತು. "ಏನು?"

"ಮೂರನೇ ಭಾಗ. ನಮ್ಮ ಮದುವೆ ದಿನ ಕೊಡೋಣ ಅಂತ ಇಟ್ಕೊಂಡಿದ್ದೆ."

ಅವನ ಮುಖ ಕೆಂಪಾಯಿತು. "ಆರು ವರ್ಷದಿಂದ ದಿನಾ ಬೆಳಗ್ಗೆ ಎದ್ದು ಇದನ್ನೇ ಬಾರಿಸ್ತಿದೀನಿ. ಏನೋ ಒಂದು ಬಾಕಿ ಉಳೀತು ಅಂತ ದಿನಾ ಅನ್ಸೋದು. ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡಿದ್ದೆ. ನೀನು ಮುಚ್ಚಿಟ್ಕೊಂಡು ಕೂತಿದ್ಯಾ?"

"ನೆನಪಿಲ್ಲ ಅಂದವನಿಗೆ ಕೊಡ್ಬೇಕಿತ್ತಾ?"

"ನಿಮ್ಮಪ್ಪ ರೇಡಿಯೋ ಕೇಳ್ತಿರ್ತಾರೆ ಅಂತ ಗೊತ್ತಿತ್ತು. ನಿನ್ನ ಹೆಸರು ಹೇಳಿದ್ರೆ ನಿನ್ನನ್ನ ಸುಮ್ನೆ ಬಿಡ್ತಿದ್ರಾ?"

"ಹಂಗಾದ್ರೆ ಬಾರಿಸ್ಲೇಬಾರ್ದಿತ್ತು."

"ಬೇರೆ ಟ್ಯೂನ್ ಬಾರಿಸೋಣ ಅಂತಲೇ ಕೂತೆ. ಕೈ ಅದಕ್ಕೇ ಹೋಯ್ತು." ಅವನ ದನಿ ಇಳಿಯಿತು. "ನಿನ್ನ ಬಿಟ್ಟು ಬೇರೆ ಯೋಚನೆ ಇದ್ದಿದ್ರೆ ತಾನೇ."

ನನಗೆ ಅಳು ಬಂತು. ಅಳುವುದಕ್ಕಿಂತ ಬೈಯುವುದು ಸುಲಭ. "ದಡ್ಡ. ಅಪ್ಪನಿಗೆ ನಿನ್ನ ಮೊದಲನೇ ಸಾಲಿಗೇ ಗೊತ್ತಾಯ್ತು. 'ಅವನ ಕಮಾನು ನಿನ್ನ ಥರಾನೇ ತಿರುಗುತ್ತೆ' ಅಂದ. 'ಪಾಪ, ಆ ಹುಡುಗನಿಗೆ ಮೂರನೇದು ಯಾಕೆ ಕೊಡ್ಲಿಲ್ಲ' ಅಂತ ನನಗೇ ಬೈದ."

ಫಿಂಟನ್ ಪಿಟೀಲನ್ನು ಪೆಟ್ಟಿಗೆಗೆ ಇಟ್ಟು ಷೆಡ್ಡಿನ ಗೋಡೆಗೆ ಒದ್ದ. "ಅದನ್ನ ಒಂದು ಕಾಗದದಲ್ಲಿ ಬರೀಬಾರ್ದಿತ್ತಾ?"

ಬರೆಯಬಹುದಿತ್ತು. ಆರು ವರ್ಷ ನನ್ನ ಸಿಟ್ಟನ್ನು ಕರುವಿನಂತೆ ಸಾಕಿದ್ದೆ. ಅದರಿಂದ ಇಬ್ಬರ ಬಾಳೂ ಹಾಳಾಗಿತ್ತು. ಹಾಗೆಂದು ಒಪ್ಪಿಕೊಳ್ಳಲು ನಾಲಿಗೆ ಹೊರಳಲಿಲ್ಲ.

"ಪಿಟೀಲು ತಗೋ," ಎಂದೆ. ಮೂರನೆಯ ಭಾಗವನ್ನು ಬಾಯಲ್ಲೇ ಹಾಡಿದೆ, ಪದವಿಲ್ಲದೆ, ಕಾಲಿನಿಂದ ನೆಲಕ್ಕೆ ತಾಳ ಹಾಕುತ್ತಾ. ಅವನು ಕಣ್ಣು ಮುಚ್ಚಿ ಕೇಳಿದ. ನಾಲ್ಕನೆಯ ಸಲಕ್ಕೆ ಅವನ ಕೆನ್ನೆ ಒದ್ದೆಯಾಗಿತ್ತು. ನಾನು ನೋಡಿಯೂ ನೋಡದ ಹಾಗಿದ್ದೆ.

ಮರುದಿನ ಸಮಾಧಿಯ ಬಳಿ ಗಾಳಿ ಜೋರಾಗಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿ ಹಿಂದೆ ಸರಿದರು. ಫಿಂಟನ್ ಮುಂದೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದ, "ಈ ಟ್ಯೂನ್ ನನಗೆ ಸೋರ್ಚಾ ಕೊಟ್ಟದ್ದು. ಎರಡು ಕಂತಲ್ಲಿ."

ಜನ ನಕ್ಕರು. ಇದ್ದಿದ್ದರೆ ಅಪ್ಪನೂ ನಗುತ್ತಿದ್ದ.

ಮೊದಲೆರಡು ಭಾಗ ಚೆನ್ನಾಗಿ ಬಂತು. ಮೂರನೆಯದರ ನಡುವೆ ಅವನು ತಡವರಿಸಿದ. ಅಪ್ಪನನ್ನು ಮಣ್ಣು ಮಾಡುವಾಗ ತಪ್ಪಿದ ಟ್ಯೂನೇ? ಮೈಯೆಲ್ಲ ಉರಿಯಿತು. ನೇರ ಹೋಗಿ ಅವನ ಪಕ್ಕ ನಿಂತು ಗಟ್ಟಿಯಾಗಿ ಹಾಡತೊಡಗಿದೆ. ಅವನು ನನ್ನ ದನಿ ಹಿಡಿದು ಬಂದ. ಇಬ್ಬರೂ ಕೊನೆಯವರೆಗೂ ಹೋದೆವು.

ಗೇಟಿನವರೆಗೂ ನಾನು ಬೈಯುತ್ತಲೇ ನಡೆದೆ. "ಮೂರನೇದು ಪೂರ್ತಿ ಬರೋವರೆಗೂ ನೀನು ಎಲ್ಲಿಗೂ ಹೋಗೋ ಹಾಗಿಲ್ಲ."

"ಬರ್ದೇ ಇದ್ರೆ?"

"ಬರ್ದೇ ಇದ್ರೆ ಇಲ್ಲೇ ಸಾಯಿ."

"ಸರಿ," ಎಂದ ಫಿಂಟನ್, ಮದುವೆಗೆ ಒಪ್ಪಿಗೆ ಕೊಡುವವನ ಹಾಗೆ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವನ ತೋಳು ಹಿಡಿದುಕೊಂಡೇ ಬೈದೆ.