ಗಣಿತ ಮೇಡಂಗೆ ಬೀಳ್ಕೊಡುಗೆ

ಇದು ನಡೆದ ಕಥೆ. ನಂಬಿಕೆ ಬಾರದಿದ್ದರೆ ಬಸವನ ಬಾಗೇವಾಡಿಯಲ್ಲಿ ಬಸ್ಸು ಹತ್ತಿ, ಬೇವಿನಗುಡಿಯಲ್ಲಿ ಇಳಿದು, ಹೈಸ್ಕೂಲಿನ ಸೋಮನಿಂಗ ಸರ್ ಬಗ್ಗೆ ಯಾರನ್ನಾದರೂ ಕೇಳಿ. ಕೇಳಿಸಿಕೊಂಡವರು ಮೊದಲು ಹೊಟ್ಟೆ ಹಿಡಿದು ನಗುತ್ತಾರೆ, ಹೇಳುವುದು ಆಮೇಲೆ.

ಸೋಮನಿಂಗ ಆ ಸರ್ಕಾರಿ ಶಾಲೆಯ ಕನ್ನಡ ಮಾಸ್ತರ. ಅವನ ಗಂಟಲಲ್ಲಿ ಅವನ ಸ್ವಂತದ ಧ್ವನಿ ಒಂದು ಮೂಲೆಯಲ್ಲಿತ್ತು, ಉಳಿದ ಜಾಗವನ್ನೆಲ್ಲ ಊರಿನವರು ಹಿಡಿದಿದ್ದರು. ಮುಖ್ಯ ಶಿಕ್ಷಕಿ ಕಾಶಿಬಾಯಿಯವರ ಗುಡುಗು, ಕಂಡಕ್ಟರನ ಮೂಗುರಾಗ, ಸಂತೆಯ ವ್ಯಾಪಾರಿಗಳ ಕೂಗಾಟ, ಯಾವುದು ಬೇಕೆಂದರೂ ತಕ್ಷಣ ಸಿಗುತ್ತಿತ್ತು.

ಪಾಠದ ಜೊತೆಗೆ ಅವನಿಗೆ ಇನ್ನೊಂದು ಖಾಯಂ ಕೆಲಸವಿತ್ತು: ಬೀಳ್ಕೊಡುಗೆ ಭಾಷಣ. ಗಣಿತಕ್ಕೆಂದು ಬಂದವರು ಯಾರೂ ಆ ಶಾಲೆಯಲ್ಲಿ ನಿಲ್ಲುತ್ತಿರಲಿಲ್ಲ. ಬರುತ್ತಿದ್ದರು, ವಾಪಸ್ ಬಸ್ಸು ಎಷ್ಟಕ್ಕೆ ಎಂದು ಕೇಳುತ್ತಿದ್ದರು, ವರ್ಗಾವಣೆ ಕೌನ್ಸೆಲಿಂಗ್ ಬಂದೊಡನೆ ತಮ್ಮ ಊರಿನ ಕಡೆಗೆ ಹೊರಡುತ್ತಿದ್ದರು. ಒಂದು ಶಾಲು, ಒಂದು ಹಾರ, ಸೋಮನಿಂಗನ ಭಾಷಣ. ಹೆಸರೊಂದನ್ನು ಬಿಟ್ಟರೆ ಭಾಷಣದಲ್ಲಿ ಏನೂ ಬದಲಾಗುತ್ತಿರಲಿಲ್ಲ. ಕಣ್ಣು ಒರೆಸಿಕೊಳ್ಳುವ ಜಾಗ ಕೂಡ ಅದೇ.

ಆ ವರ್ಷ ಸರ್ಕಾರ ಹೊಸ ಉಪಾಯ ಹೂಡಿತು. ಶಿಕ್ಷಕರು ನಿಲ್ಲದ ಶಾಲೆಗೆ ತಾವಾಗಿಯೇ ಬಂದವರಿಗೆ ಸಂಬಳದ ಮೇಲೆ ವಿಶೇಷ ಭತ್ಯೆ. ಆದರೆ ಊರಲ್ಲೇ ಮನೆ ಮಾಡಬೇಕು, ಎರಡು ವರ್ಷ ಅಲುಗಾಡುವಂತಿಲ್ಲ. ಹಾಗೆ ಸಿಂದಗಿಯಿಂದ ಬಂದವಳು ಸುರೇಖಾ.

ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದ ಹೊತ್ತಿಗೆ ಸೋಮನಿಂಗ ಬಾಗಿಲಿಗೆ ಬೆನ್ನು ಮಾಡಿ, ತಾನಿನ್ನೂ ನೋಡಿರದ ಗಣಿತ ಮೇಡಂನ ಅಭಿನಯ ಮಾಡುತ್ತಿದ್ದ. ಸೊಂಟದ ಮೇಲೆ ಕೈ, ಮೂಗಿನ ಮೇಲೆ ಕರ್ಚೀಫು.

“ಅಯ್ಯ ಶಿವನ, ಏನ್ ಧೂಳರಿ ಇದು! ಧೂಳಿಗೆ ಬ್ಯಾರೆ ಭತ್ಯೆ ಇಲ್ಲೇನ್ರಿ?”

ಪಿ.ಟಿ. ಮಾಸ್ತರ ತಬ್ರೇಜ ನಗಲಿಲ್ಲ. ಬಾಗಿಲ ಕಡೆ ಕಣ್ಣು ತಿರುಗಿಸಿ ತಿರುಗಿಸಿ ಸನ್ನೆ ಮಾಡಿದ.

“ನನ್ನ ಧ್ವನಿ ಅಷ್ಟ ಸಣ್ಣದಿಲ್ರಿ,” ಎಂದಿತು ಬಾಗಿಲು. “ಇನ್ನೊಮ್ಮೆ ಮಾಡ್ರಿ. ನಾ ಇಲ್ಲೇ ನಿಂತಿರ್ತೇನಿ, ಕೇಳಿ ಕೇಳಿ ಮಾಡ್ರಿ.”

ಸೋಮನಿಂಗನ ಗಂಟಲಲ್ಲಿದ್ದ ಅಷ್ಟೂ ಮಂದಿ ಒಮ್ಮೆಲೇ ರಜೆ ಹಾಕಿದರು.

“ಹಂಗಲ್ರಿ ಮೇಡಂ… ಸುಮ್ನ ಚ್ಯಾಷ್ಟಿ…”

“ರೊಕ್ಕಕ್ಕ ಬಂದೇನಿ, ಖರೇನ ಐತಿ. ಡಾಕ್ಟರ್ ಫೀ ತಗೊಂಡ್ರ ಅವರ ಗುಳಿಗಿ ಕೆಲಸ ಮಾಡಂಗಿಲ್ಲೇನ್ರಿ? ನಿಮ್ಮ ಹುಡುಗ್ರಿಗೆ ಲೆಕ್ಕ ಬರಲಿಲ್ಲಂದ್ರ ಆವಾಗ ನಗ್ರಿ.”

ಹೇಳಿ ಒಂದು ಹುಬ್ಬು ಏರಿಸಿದಳು. ಆ ಮಧ್ಯಾಹ್ನ ಸೋಮನಿಂಗನಿಗೆ ಬೈಗುಳ ಮರೆತುಹೋಯಿತು. ಹುಬ್ಬು ಮರೆಯಲಿಲ್ಲ.

ಸುರೇಖಾ ಊರೊಳಗಿನ ಓಣಿಯಲ್ಲಿ ಹೊನ್ನವ್ವ ಎಂಬಾಕೆಯ ಮನೆಯ ಮುಂಗೋಣೆ ಬಾಡಿಗೆ ಹಿಡಿದಳು. ಬೆಳಗಿನ ಪ್ರಾರ್ಥನೆಗೂ ಮೊದಲು ಹತ್ತನೆಯ ಕ್ಲಾಸಿಗೆ ಗಣಿತದ ಹೆಚ್ಚಿನ ಪಾಠ ಶುರುಮಾಡಿದಳು. ಮಕ್ಕಳೇನೋ ಬಂದರು, ಆದರೆ ಬೋರ್ಡಿನ ಕಡೆ ಹಾವು ನೋಡಿದಂತೆ ನೋಡಿದರು. ವರ್ಷಗಟ್ಟಲೆ ಗಣಿತದ ಪಿರಿಯಡ್ಡಿನಲ್ಲಿ ಕಬಡ್ಡಿ ಆಡಿದವರು ಅವರು.

ಒಂದು ದಿನ ಅವಳೇ ಸೋಮನಿಂಗನ ಮೇಜಿನ ಎದುರು ನಿಂತಳು.

“ಸರ, ನಿಮ್ಮ ಗಂಟಲ ಒಂದು ಪಿರಿಯಡ್ ಕಡಾ ಕೊಡ್ತೀರೇನು?”

“ಯಾರ ಧ್ವನಿ ಬೇಕ್ರಿ?”

“ಮನಗೂಳಿ ಸಂತ್ಯಾಗ ಉಳ್ಳಾಗಡ್ಡಿ ಮಾರಾಂವಂದು. ಲಾಭ-ಲುಕ್ಸಾನ ಕಲಿಸಬೇಕಾಗೇತಿ.”

ಮರುದಿನ ಸೋಮನಿಂಗ ತಲೆಗೆ ಟವೆಲ್ ಸುತ್ತಿ, ಬೆಂಚಿನ ಮೇಲೆ ಈರುಳ್ಳಿಯ ಗೋಣಿಚೀಲ ಹಾಸಿ ಕೂತ. “ಬರ್ರಿ, ಉಳ್ಳಾಗಡ್ಡಿ ಬರ್ರಿ! ಕೊಂಡವ್ರಿಗೆ ಲಾಭ, ನಂಗ ಬರೇ ಲುಕ್ಸಾನ!” ಎಂದು ಎದೆ ಬಡಿದುಕೊಂಡು ತಾನು ಕೊಂಡ ರೇಟು, ಮಾರುವ ರೇಟು ಎರಡನ್ನೂ ಕೂಗಿದ.

“ಈ ವ್ಯಾಪಾರಿ ಸುಳ್ಳು ಹೇಳ್ತಾನ. ಯಾರ್ ಹಿಡೀತೀರಿ?” ಎಂದಳು ಸುರೇಖಾ.

ಹಿಂದಿನ ಬೆಂಚಿನ ಶಂಕ್ರೆವ್ವ, ಎಂದೂ ಬಾಯಿ ಬಿಡದ ಹುಡುಗಿ, ಜಿಗಿದು ನಿಂತಳು. “ಮೇಡಂ, ಕೊಂಡಿದ್ದಕ್ಕಿಂತ ಜಾಸ್ತಿಗೆ ಮಾರಾಕತ್ತಾನ್ರಿ! ಇಪ್ಪತ್ತು ಪರ್ಸೆಂಟ್ ಲಾಭರಿ! ಲಾಭ ಹೊಡದು ಅಳಾಕತ್ತಾನ!”

ಕ್ಲಾಸು ಹೋ ಎಂದಿತು. ಸೋಮನಿಂಗ ಗೋಣಿಚೀಲ ಎತ್ತಿಕೊಂಡು ಓಡಿದ. ಬಾಗಿಲಲ್ಲಿ ತಿರುಗಿ ನೋಡಿದರೆ ಸುರೇಖಾ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಹುಬ್ಬಿಗೆ ಸುಣ್ಣದಕಡ್ಡಿಯ ಪುಡಿ ಹತ್ತಿತ್ತು. ಅವನು ತನ್ನ ಹುಬ್ಬು ತೋರಿಸಿ ಸನ್ನೆ ಮಾಡಿದ. ಅವಳು ಇನ್ನೊಂದನ್ನು ಒರೆಸಿಕೊಂಡಳು.

“ಅದಲ್ರಿ, ಈ ಕಡೀದು.”

“ಯಾ ಕಡೀದು?”

“ಈ… ಅಂದ್ರ ನಿಮ್ಮ ಆ ಕಡೀದು.”

“ಕನ್ನಡ ಮಾಸ್ತರ್ ಆಗಿ ಒಂದು ಹುಬ್ಬು ವಿವರಿಸಾಕ ಬರವಲ್ದಲ್ರಿ ನಿಮಗ!”

ಕಿವಿ ಕೆಂಪಾದವನನ್ನು ನೋಡಿ ಮಕ್ಕಳು ಮತ್ತೊಮ್ಮೆ ಹೋ ಎಂದರು.

ಅಂದಿನಿಂದ ಗಣಿತಕ್ಕೆ ಊರಿನವರೆಲ್ಲರ ಧ್ವನಿ ಬಂತು. ಟ್ರ್ಯಾಕ್ಟರ್ ಬಾಡಿಗೆ, ಕಾಲುವೆಯ ನೀರು, ಕುರಿಗಳ ಪಾಲು ಎಲ್ಲ ಲೆಕ್ಕವಾಯಿತು. ಎರಡನೆಯ ವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಗಣಿತದಲ್ಲಿ ಒಬ್ಬರೂ ಫೇಲಾಗಿರಲಿಲ್ಲ. ಬೇವಿನಗುಡಿ ಕಂಡರಿಯದ ಸುದ್ದಿ ಅದು. ಪೇಡೆ ಹಂಚುತ್ತ ಕಾಶಿಬಾಯಿ ಗುಡುಗುವುದನ್ನೇ ಮರೆತು ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಶಾಲೆ ಮತ್ತೆ ತೆರೆಯಿತು, ಹಿಂದೆಯೇ ಕೌನ್ಸೆಲಿಂಗ್ ಸುತ್ತೋಲೆಯೂ ಬಂತು. ಸುರೇಖಾಳ ಎರಡು ವರ್ಷ ಮುಗಿದಿತ್ತು. ಸಿಂದಗಿಯಲ್ಲಿ, ಅವಳ ಅವ್ವನ ಮನೆಯ ಹತ್ತಿರವೇ ಒಂದು ಹುದ್ದೆ ಖಾಲಿಯಿತ್ತು. ಬೇಕೆಂದರೆ ಇನ್ನೂ ಮೂರು ವರ್ಷಕ್ಕೆ ಸಹಿ ಹಾಕಿ ಭತ್ಯೆಯೊಂದಿಗೆ ಇಲ್ಲೇ ಉಳಿಯಬಹುದಿತ್ತು. ಅವಳು ಹೋದರೆ ಹತ್ತನೆಯ ಕ್ಲಾಸು ಮತ್ತೆ ಕಬಡ್ಡಿಗೆ. ಸೋಮನಿಂಗ ಎಲ್ಲಿಗೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

“ಏನ್ ಮಾಡ್ತೀರಿ ಮೇಡಂ?”

“ನೀವ ಹೇಳ್ರಿ ಸರ. ಹೋಗ್ಲೋ, ಇರ್ಲೋ?”

ಅವಳು ಕಾದಳು. ರೊಕ್ಕಕ್ಕೆ ಬಂದವಳು ಎಂದು ಅಣಕಿಸಿದ ಬಾಯಿಯಲ್ಲೇ ಇರು ಎನ್ನುವುದು ಹೇಗೆ? ಸೋಮನಿಂಗನ ಮೂಗಿನಿಂದ ಕಂಡಕ್ಟರ್ ಹೊರಬಂದ. “ಸಿಂದಗಿ, ಸಿಂದಗಿ! ಹತ್ತೋರು ಲಗೂನ ಹತ್ರಿ!”

ಸುರೇಖಾ ನಗಲಿಲ್ಲ. “ನಾ ಕಂಡಕ್ಟರ್‌ನ ಕೇಳಿದ್ದಿಲ್ರಿ,” ಎಂದು ಬ್ಯಾಗು ಎತ್ತಿಕೊಂಡು ಹೋದಳು.

ಕೌನ್ಸೆಲಿಂಗ್ ದಿನ ಕಾಶಿಬಾಯಿ ಅವಳೊಂದಿಗೆ ವಿಜಯಪುರಕ್ಕೆ ಹೋದರು. ಸೋಮನಿಂಗ ಸ್ಟಾಫ್ ರೂಮಿನಲ್ಲಿ ಫೋನಿನ ಮುಂದೆ ಕೂತ. ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು, ಏಳಲಿಲ್ಲ. ಕೊನೆಗೆ ಕಾಶಿಬಾಯಿಯವರ ನಂಬರಿನಿಂದ ಕರೆ ಬಂತು.

“ಏನಪಾ ಸೋಮನಿಂಗ!” ಅದೇ ಗುಡುಗು. “ಆತು ನೋಡು. ಸುರೇಖಾ ಸಿಂದಗಿ ತಗೊಂಡ್ಲು. ನಾಳೆ ಬೀಳ್ಕೊಡುಗೆ. ಶಾಲು ಇಲ್ಲೇ ತರ್ತೇನಿ. ಭಾಷಣ ತಯಾರೈತಿಲ್ಲೋ?”

“…ಐತ್ರಿ ಮೇಡಂ.”

“ಹೇಳು ನೋಡೂನು.”

“ನಮ್ಮೆಲ್ಲರ ಅಚ್ಚುಮೆಚ್ಚಿನ ಗಣಿತ ಶಿಕ್ಷಕಿ, ಸುರೇಖಾ ಮೇಡಂ ಅವರು…” ಎಂದು ನಿಂತ.

“ಮುಂದ?”

“ಮುಂದ ಬರವಲ್ದ್ರಿ.”

“ಎಷ್ಟ ಮಂದಿಗೆ ಹೇಳಿಯೋ ಅದನ್ನ! ಅದನ್ನ ಹೇಳು!”

“ಅದು ಹೋಗೋರಿಗೆ ಹೇಳೂದ್ರಿ. ಈಕಿ ಹೋಗಬಾರದ್ರಿ.” ಮಾತು ಒಡೆದ ಕಾಲುವೆಯಂತೆ ನುಗ್ಗಿತು. “ರೊಕ್ಕಕ್ಕ ಬಂದಾಳಂತ ನಕ್ಕಿದ್ದೆ. ಆ ರೊಕ್ಕ ಕೊಟ್ಟು ಆಕಿನ್ನ ಕರ್ಕೊಂಡು ಬಂದಾರಲ್ಲ, ಅವರಿಗೆ ಈಗ ದಿನಾ ಕೈ ಮುಗೀತೇನಿ. ನಮ್ಮ ಶಂಕ್ರೆವ್ವ ಇಂಜಿನಿಯರ್ ಆಗ್ತೇನಿ ಅಂತಾಳ್ರಿ ಮೇಡಂ, ಬಾಯಿ ಬಿಡದ ಹುಡುಗಿ! ಅದೆಲ್ಲ ಇರಲಿ. ಹೊನ್ನವ್ವನ ಮನಿ ಬಾಗಿಲ ಮುಚ್ಚಿದ್ರ ನಂಗ ಆ ಓಣ್ಯಾಗ ಕಾಲ ಏಳಂಗಿಲ್ಲ. ನಾ ಆಕಿನ್ನ ಪ್ರೀತಿ ಮಾಡ್ತೇನ್ರಿ. ಹೇಳಾಕ ಬರಲಿಲ್ಲ, ಕಂಡಕ್ಟರ್ ಆಗಿ ಕುಂತೆ. ನನ್ನಂಥ ಹುಚ್ಚ ಈ ತಾಲೂಕಿನ್ಯಾಗ ಇಲ್ಲ!”

ಎದುರು ಕೂತಿದ್ದ ತಬ್ರೇಜ ಚಹಾ ಲೋಟ ಬಾಯಿಯ ಹತ್ತಿರ ಹಿಡಿದು ಹಾಗೇ ಉಳಿದಿದ್ದ. ಫೋನಿನೊಳಗೆ ಆ ಗುಡುಗು ಮೆಲ್ಲಗೆ ಕರಗಿ ಬೇರೆಯೇ ಧ್ವನಿಯಾಯಿತು.

“ತಾಲೂಕಲ್ರಿ ಸರ, ಜಿಲ್ಲಾದಾಗೂ ಇಲ್ಲ.”

ಸುರೇಖಾ!

“ಮೇ… ಮೇಡಂ? ಕಾಶಿಬಾಯಿ ಮೇಡಂ ಎಲ್ಲೆ?”

“ಇಲ್ಲೇ ಅದೇನಿ ನೋಡಪಾ!” ನಿಜವಾದ ಕಾಶಿಬಾಯಿ ದೂರದಿಂದ ಕೂಗಿದರು. “ನಾ ಒಂದಕ್ಷರ ಮಾತಾಡಿಲ್ಲ. ಈಕಿ ನನಗಿಂತ ಜೋರ ಗುಡಗ್ತಾಳ!”

“ಎರಡು ವರ್ಷ ನಿಮ್ಮ ಬಾಜೂಕ ಕುಂತೇನಿ,” ಎಂದಳು ಸುರೇಖಾ. “ಇಷ್ಟೂ ಕಲೀಲಿಲ್ಲಂದ್ರ ಹೆಂಗ್ರಿ?”

“ಮತ್ತ ಸಿಂದಗಿ?”

“ನನ್ನ ಹೆಸರ ಕೂಗಿದಾಗ ಎದ್ದು ನಿಂತು, ಬೇವಿನಗುಡಿ ಸಾಲೀನ ಇರಲಿ ಅಂದೆ. ಮೂರು ವರ್ಷಕ್ಕ ಸಹಿ ಮಾಡೇನಿ. ನಾ ಒಬ್ಬಾಕಿ ಅಲ್ರಿ, ಇಂಡಿ ಗಡಿ ಸಾಲಿ, ಮುದ್ದೇಬಿಹಾಳದ ನದಿ ದಂಡಿ ಸಾಲಿ, ಯಾರೂ ಮುಟ್ಟದಿದ್ದ ಜಾಗಾ ಎಲ್ಲಾ ಇವತ್ತ ತುಂಬಾಕತ್ತಾವ. ಅಲ್ಲಿಗೆ ಹೋಗೋರು ಇಲ್ಲೇ ನನ್ನ ಸುತ್ತ ನಿಂತಾರ. ಫೋನ್ ಸ್ಪೀಕರಿಗೆ ಹಾಕೇನಿ.”

ಫೋನಿನೊಳಗಿಂದ ಚಪ್ಪಾಳೆ ಕೇಳಿತು. ಯಾರೋ ಸಿಳ್ಳೆ ಹೊಡೆದರು. “ಸರ, ಭಾಷಣ ಭಾಳ ಚಲೋ ಆತ್ರಿ!” ಎಂದು ಯಾರೋ ಕೂಗಿದರು.

“ಆ ರೊಕ್ಕ ಸಿಗ್ತೈತಂತ ಉಳದ್ರೇನು?” ಸೋಮನಿಂಗ ಇದ್ದ ಧೈರ್ಯವನ್ನೆಲ್ಲ ಕೂಡಿಸಿ ಕೇಳಿದ.

“ಹೂಂ ಮತ್ತ! ಅದನ್ನ ಸರಕಾರ ಕೊಡ್ತೈತಿ. ಉಳಿದದ್ದು ನೀವು ಕೊಡಬೇಕು. ಬರೂ ಐತವಾರ ನಿಮ್ಮ ಹಿರ್‍ಯಾರನ್ನ ಕರ್ಕೊಂಡು ಸಿಂದಗಿಗೆ ಬರ್ರಿ. ಅವ್ವಗ ನಿನ್ನೇನ ಹೇಳೇನಿ, ಹೋಳಿಗಿ ಮಾಡ್ತಾಳ.”

ತಬ್ರೇಜ ಲೋಟ ಇಟ್ಟು ಸೀಟಿ ಊದಿಯೇಬಿಟ್ಟ. ಏನಾಯಿತೆಂದು ಹತ್ತನೆಯ ಕ್ಲಾಸು ಪೂರ್ತಿ ಓಡಿಬಂದು ಕಿಟಕಿಗೆ ಜೋತುಬಿತ್ತು. ಸುದ್ದಿ ಒಬ್ಬರ ಕಿವಿಯಿಂದ ಒಬ್ಬರ ಕಿವಿಗೆ ಹಾರಿ ಅಂಗಳ ತುಂಬ ಕೇಕೆ ಎದ್ದಿತು. ಫೋನಿನೊಳಗೆ ವಿಜಯಪುರ ನಗುತ್ತಿತ್ತು, ಫೋನಿನ ಹೊರಗೆ ಬೇವಿನಗುಡಿ ನಗುತ್ತಿತ್ತು. ಅಷ್ಟೂ ಸದ್ದನ್ನು ಮುಳುಗಿಸಿ, ಮೇಜಿನ ಮೇಲೆ ತಲೆಯಿಟ್ಟು, ಕಣ್ಣೀರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ನಗುತ್ತಿದ್ದವನು ಸೋಮನಿಂಗ.