ಗೊರವಂಕಗಳ ಅಂಗಳ

ಕಾಗೆಗೂ ಗೂಬೆಗೂ ಇನ್ನೂ ಜಗಳ ಹತ್ತದಿದ್ದ ಕಾಲ. ಆಗ ಅಂದಣಗಿರಿ ಎಂಬ ರಾಜ್ಯವಿತ್ತು. ಅದರ ಹೆಬ್ಬಾಗಿಲಲ್ಲಿ ಕೇತಯ್ಯ ಎಂಬ ಕಾವಲುಗಾರನಿದ್ದ. ಊರೊಳಗೆ ಬರುವ ಮೂಟೆಗಳನ್ನು ಪರೀಕ್ಷಿಸಿ ಬಿಡುವುದು ಅವನ ಕೆಲಸ. ಮೂಟೆಯ ಬಾಯಿ ಬಿಚ್ಚಿ ತೋರಿಸಿದರೆ ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕಬ್ಬಿಣದ ಸಲಾಕೆಯನ್ನು ಮೂಟೆಯ ನಡುಹೊಟ್ಟೆಗೆ ಚುಚ್ಚಿ, ಅಲ್ಲಿಂದ ಉದುರಿದ ಕಾಳನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದ. ಮೇಲೆ ಸಣ್ಣಕ್ಕಿ, ನಡುವೆ ನುಚ್ಚು ತುಂಬಿ ತರುವವರು ಆ ಕಾಲದಲ್ಲೂ ಇದ್ದರು.

ಕೇತಯ್ಯನಿಗೆ ಇಬ್ಬರು ಮಕ್ಕಳು. ಮಗ ಬೊಪ್ಪಣ್ಣ, ಮಗಳು ಮಾಚಲೆ. ಬೊಪ್ಪಣ್ಣ ಯಾರು ಏನು ಹೇಳಿದರೂ ನಂಬುವವನು. ಮಾಚಲೆ ಮಾತ್ರ ಅಪ್ಪನ ಮಗಳು. ಹಬ್ಬದ ಹೋಳಿಗೆಯನ್ನೂ ಮುರಿದು, ಒಳಗೆ ಹೂರಣ ಇದೆಯೋ ಇಲ್ಲವೋ ನೋಡಿಯೇ ಬಾಯಿಗಿಡುವವಳು. ತಾಯಿ ಇಲ್ಲದ ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವನು ಅಣ್ಣನೇ. ಲೋಕದಲ್ಲಿ ಅವನೊಬ್ಬನ ಮೇಲೆ ಅವಳಿಗೆ ಅನುಮಾನವಿರಲಿಲ್ಲ.

ಹೀಗಿರುವಾಗ ಗಡಿಯ ಗುಡ್ಡದ ಮೇಲೆ ಸೌಮ್ಯಕೇತು ಎಂಬ ಮಾಂತ್ರಿಕ ಬಂದು ನೆಲೆಸಿದ. ಬೇಟೆಗೆ ಹೋಗಿದ್ದ ರಾಜಕುಮಾರನನ್ನು ಹಿಡಿದು, ಗೊರವಂಕ ಹಕ್ಕಿಯನ್ನಾಗಿ ಮಾಡಿ, ತನ್ನ ಅಂಗಳದ ಆಲದ ಮರದಲ್ಲಿ ಕೂರಿಸಿದ. ಇಷ್ಟು ಮಾಡಿಯೂ ಅವನು ಗದರಲಿಲ್ಲ, ಬೆದರಿಸಲಿಲ್ಲ. ನಗುನಗುತ್ತಲೇ ಊರಲ್ಲಿ ಡಂಗುರ ಹೊಡೆಸಿದ.

"ಬಿಡುಗಡೆಯ ಮಂತ್ರವೊಂದಿದೆ. ನನ್ನ ಅಂಗಳದಲ್ಲಿ ನಿಂತು ಅದನ್ನು ಕೊನೆಯವರೆಗೆ ಹೇಳಿದವರು ಹಕ್ಕಿಯಾದವರನ್ನು ಬಿಡಿಸಿಕೊಂಡು ಹೋಗಲಿ. ಮಂತ್ರವನ್ನು ನಾನೇ ಕಲಿಸುತ್ತೇನೆ. ಊಟ, ಹಾಸಿಗೆ, ಓದುವ ಮನೆ ಎಲ್ಲ ನನ್ನದೇ. ಆದರೆ ಅಂಗಳಕ್ಕೆ ಒಂದು ಕಟ್ಟಳೆಯಿದೆ. ಅಲ್ಲಿ ಒಮ್ಮೆ ಶುರುವಾದ ಮಂತ್ರವನ್ನು ಮತ್ತೆ ಮೊದಲಿಂದ ಹೇಳಿದವರು, ಯಾರೇ ಆಗಲಿ, ಗೊರವಂಕ ಆಗುತ್ತಾರೆ."

ಹಿಡಿದವನೇ ಊಟ ಹಾಕಿ ಬಿಡಿಸುವ ಪಾಠ ಹೇಳಿಕೊಡುತ್ತಾನೆ ಎಂದರೆ ಯಾರಿಗಾದರೂ ಅನುಮಾನ ಬರಬೇಕು. ಅಂದಣಗಿರಿಯವರಿಗೆ ಬರಲಿಲ್ಲ. "ಪಾಪ, ಒಳ್ಳೆಯ ಮಾಂತ್ರಿಕ" ಎಂದು ಮೆಚ್ಚಿಕೊಂಡರು. ತರುಣರು ಒಬ್ಬರ ಹಿಂದೊಬ್ಬರು ಗುಡ್ಡ ಹತ್ತಿದರು, ಒಬ್ಬರೂ ಇಳಿಯಲಿಲ್ಲ. ಬೊಪ್ಪಣ್ಣನೂ ಹತ್ತಿದ. ಅವನೂ ಇಳಿಯಲಿಲ್ಲ.

ಮಾಚಲೆ ಬುತ್ತಿ ಕಟ್ಟಿಕೊಂಡಳು.

"ನೀನೂ ಹೋದರೆ ನನಗ್ಯಾರೇ ಗತಿ?" ಎಂದ ಕೇತಯ್ಯ.

"ನಾನು ಅಣ್ಣನ ಹಾಗೆ ನಂಬಿಕೊಂಡು ಹೋಗ್ತಿಲ್ಲ ಕಣಪ್ಪ, ಅನುಮಾನ ಇಟ್ಕೊಂಡೇ ಹೋಗ್ತಿದೀನಿ" ಎಂದು ಮಾಚಲೆ ಹೊರಟಳು.

ಗುಡ್ಡದ ಮೇಲಿನ ಆಲದ ಮರದ ತುಂಬ ಗೊರವಂಕಗಳು. ಅವುಗಳಲ್ಲಿ ಒಂದರ ಹುಬ್ಬಿನ ಮೇಲೆ ಬಿಳಿಯ ಗೀರು ಇತ್ತು. ಚಿಕ್ಕಂದಿನಲ್ಲಿ ಮಾಚಲೆಯೇ ಬುಗುರಿ ಎಸೆದು ಅಣ್ಣನ ಹುಬ್ಬಿಗೆ ಮಾಡಿದ್ದ ಗಾಯ ಅದು. ಹಕ್ಕಿ ಕೊಂಬೆಯಿಂದ ಬಾಗಿ "ಮಾಚೀ" ಎಂದಿತು. ಅವಳಿಗೆ ಅಳು ತಡೆಯಲಾಗಲಿಲ್ಲ.

"ಅಳಬೇಡ ಮಗೂ" ಎಂದು ಹಿಂದಿನಿಂದ ಮೆತ್ತನೆಯ ದನಿ ಬಂತು. ಸೌಮ್ಯಕೇತು ನಿಂತಿದ್ದ, ಕೈಯಲ್ಲಿ ಬೆಲ್ಲದ ತಟ್ಟೆ. "ಇನ್ನೂ ಹೆಸರು ನೆನಪಿದೆ ಅವನಿಗೆ. ಹಕ್ಕಿಯಾದವರು ಬರಬರುತ್ತ ಮರೆಯುತ್ತಾರೆ. ನಿನ್ನ ಹೆಸರನ್ನೂ ತನ್ನ ಹೆಸರನ್ನೂ ಪೂರ್ತಿ ಮರೆತ ಮೇಲೆ ಮಂತ್ರಕ್ಕೂ ಅವನು ಸಿಗುವುದಿಲ್ಲ. ಬೇಗ ಕಲಿ ತಾಯಿ, ಬೇಗ ಕಲಿ."

ಮಾಚಲೆ ಬೆಲ್ಲ ಮುಟ್ಟಲಿಲ್ಲ. ಬಿಟ್ಟಿ ಬೆಲ್ಲವನ್ನು ಇರುವೆಯೂ ಮೂಸಿ ನೋಡಿಯೇ ತಿನ್ನುತ್ತದೆ.

ಓದುವ ಮನೆ ಸೊಗಸಾಗಿತ್ತು. ದಿಂಬು ಮೆತ್ತಗೆ, ಕಿಟಕಿಯಲ್ಲಿ ತಂಗಾಳಿ. ಓಲೆಗರಿಯ ಮೇಲಿನ ಅಕ್ಷರಗಳು ಕಣ್ಣು ಬಿದ್ದೊಡನೆ ಹೊಳೆಯುತ್ತಿದ್ದವು. ಮಾಂತ್ರಿಕ ಓಲೆ ಹಿಡಿದು ರಾಗವಾಗಿ ಓದಿದ.

*ಕಲ್ಲಿಗೆ ಕಣ್ಣು ಬರಲಿ,*
*ಕಣ್ಣಿಗೆ ನೀರು ಬರಲಿ,*
*ನೀರಿಗೆ ದಾರಿ ಬರಲಿ,*
*ದಾರಿಗೆ ಕಾಲು ಬರಲಿ...*

ಹೀಗೆ ಒಂದರ ಬಾಲ ಹಿಡಿದು ಇನ್ನೊಂದು, ಸಾಲು ಬಂಡಿಯ ಹಾಗೆ ಉದ್ದಕ್ಕೆ ಹೋಗುತ್ತಿತ್ತು. "ಮೊದಲಿಂದ ಕೊನೆಗೆ ಓದು, ಮತ್ತೆ ಮೊದಲಿಂದ ಕೊನೆಗೆ ಓದು. ಅಷ್ಟೇ ಸಾಕು" ಎಂದು ಮಾಂತ್ರಿಕ ಹೋದ.

ಮಾಚಲೆ ಓದಿದಳು. ಎಷ್ಟು ಸುಲಭ! ಎರಡನೆಯ ಸಲಕ್ಕೇ ಎಲ್ಲವೂ ಪರಿಚಯದ್ದು ಎನಿಸಿತು. ಮೂರನೆಯ ಸಲಕ್ಕೆ "ಇಷ್ಟೇನಾ, ಬಂತಲ್ಲ" ಎನಿಸಿತು. ಆ ಮಾತು ಮನಸ್ಸಿಗೆ ಬಂದದ್ದೇ ತಡ, ಅವಳ ಮೈ ಜುಮ್ಮೆಂದಿತು. ಹೆಬ್ಬಾಗಿಲಲ್ಲಿ ಮೂಟೆಯ ಬಾಯಿ ಬಿಚ್ಚಿ ಅಕ್ಕಿ ತೋರಿಸುತ್ತಿದ್ದ ವ್ಯಾಪಾರಿಗಳೆಲ್ಲ ಹೀಗೇ ನಗುತ್ತಿದ್ದರು.

ಅವಳು ಓಲೆಯನ್ನು ಬೋರಲು ಹಾಕಿದಳು. "ನೋಡೋಣ, ಮಂತ್ರದ ನಡುವಿಗೆ ಸಲಾಕೆ ಚುಚ್ಚುತ್ತೇನೆ. ಬಿತ್ತಕ್ಕೆ ಏನು ಬರಲಿ?" ಎಂದು ತನ್ನನ್ನೇ ಕೇಳಿಕೊಂಡಳು. ಏನೂ ಇಲ್ಲ. ತಲೆಯೊಳಗೆ ಬರೀ ನುಚ್ಚು. ನಾಲಿಗೆ ತಾನಾಗಿಯೇ "ಕಲ್ಲಿಗೆ ಕಣ್ಣು ಬರಲಿ" ಎಂದು ಶುರುಮಾಡಿತು.

ಆಗ ಅವಳು ಕಿಟಕಿಯಿಂದ ಮರದತ್ತ ಕಿವಿಗೊಟ್ಟಳು. ಅಷ್ಟೂ ಗೊರವಂಕಗಳು ಕಲ್ಲು, ಕಣ್ಣು, ನೀರು, ದಾರಿ ಎಂದು ಕೂಗಿ, ಅಲ್ಲೆಲ್ಲೋ ತಡವರಿಸಿ, ಮತ್ತೆ ಕಲ್ಲಿಗೇ ಬರುತ್ತಿದ್ದವು. ಮೊದಲ ಸಾಲುಗಳು ಹೊಸಿಲಿನ ಹಾಗೆ ಸವೆದಿದ್ದವು. ಕೊನೆಯ ಸಾಲುಗಳನ್ನು ತುಳಿದವರೇ ಇರಲಿಲ್ಲ. ಮಾಂತ್ರಿಕ ಕಲಿಸಿದ್ದು ಮಂತ್ರವನ್ನಲ್ಲ, ಹಿಂದಕ್ಕೆ ಓಡುವ ಅಭ್ಯಾಸವನ್ನು!

ಅಂದಿನಿಂದ ಮಾಚಲೆ ಮಾಂತ್ರಿಕ ಹೇಳಿದ್ದಕ್ಕೆಲ್ಲ ತಿರುವುಮುರುವಾಗಿ ಮಾಡಿದಳು. ಕೊನೆಯ ಸಾಲಿನಿಂದ ಕಲಿತಳು. ಒಂದು ಹಿಡಿ ಸಾಲು ಓದಿ, ಓಲೆಯನ್ನು ಆಚೆ ಕೋಣೆಯಲ್ಲಿಟ್ಟು ಬಂದು, ಕಣ್ಣು ಮುಚ್ಚಿ ಹೇಳುತ್ತಿದ್ದಳು. ಸಿಗದಿದ್ದರೆ ತುಟಿ ಕಚ್ಚಿಕೊಂಡು ಹುಡುಕುತ್ತಿದ್ದಳು. ಹುಡುಕಿ ಸೋತ ಮೇಲೆಯೇ ಎದ್ದು ಹೋಗಿ ನೋಡುತ್ತಿದ್ದಳು. ಬಂತು ಎನಿಸಿದ್ದನ್ನು ಬಿಟ್ಟು, ನೀರು ಸೇದಿ, ಅಂಗಳ ಗುಡಿಸಿ, ಒಂದು ನಿದ್ದೆ ಮಾಡಿ ಎದ್ದು, ಮತ್ತೆ ನಡುವಿಗೆ ಚುಚ್ಚಿ ನೋಡುತ್ತಿದ್ದಳು. ಅರ್ಧ ಹೋಗಿರುತ್ತಿತ್ತು. ಆದರೆ ಹೋಗಿ ಮತ್ತೆ ಸಿಕ್ಕ ಸಾಲು ಮೊದಲಿಗಿಂತ ಗಟ್ಟಿಯಾಗಿ ಕೂರುತ್ತಿತ್ತು.

ಮಾಂತ್ರಿಕನಿಗೆ ಇದು ಗೊತ್ತಾಯಿತು. ಅವನು ಚಿನ್ನದ ಅಳಿಲೊಂದನ್ನು ಕಳಿಸಿದ. ಅದು ಮಾತಾಡುವ ಅಳಿಲು. ಕಣ್ಣು ಮುಚ್ಚಿದ ತಕ್ಷಣ ಭುಜಕ್ಕೆ ಹಾರಿ, "ಕೇಳಿದ್ಯಾ? ಪೇಟೇಲಿ ಆನೆ ತಪ್ಪಿಸ್ಕೊಂಡು ಬಳೆ ಅಂಗಡಿಗೆ ನುಗ್ತಂತೆ!" ಎನ್ನುತ್ತಿತ್ತು. ಇನ್ನೊಂದು ಸಾಲಿಗೆ, "ಕೇಳಿದ್ಯಾ? ರಾಣಿ ಅಡುಗೆಯವಳ ಜೊತೆ ಮಾತು ಬಿಟ್ಟಿದ್ದಾರಂತೆ!" ಪ್ರತಿ ಸುದ್ದಿಯೂ ರುಚಿಯೇ. ಕೇಳಿ ಮುಗಿಯುವಷ್ಟರಲ್ಲಿ ಸಾಲು ಮಾಯ. ಮೊದಲ ದಿನ ಅವಳು ಅದನ್ನು ಓಡಿಸಿದಳು. ಓಡಿಸಿದಷ್ಟೂ ಅದಕ್ಕೆ ಹುರುಪು. ಸುಮ್ಮನಿದ್ದರೆ ಇವಳಿಗೇ ತಡೆಯದು, ಈಗ ಏನು ತಂದಿದೆಯೋ ಎಂಬ ಕುತೂಹಲ.

ಮರುದಿನ ಅವಳು ಅಳಿಲಿಗೆ ಹೇಳಿದಳು: "ನೋಡು, ನಿನ್ನ ಸುದ್ದಿ ಎಲ್ಲಾ ನಂಗೆ ಬೇಕು. ಆದ್ರೆ ಆಲದ ನೆರಳು ಬಾವಿಕಟ್ಟೆ ಮುಟ್ಟಿದ ಮೇಲೆ ಬಾ. ಆಗ ಕೂತು ಎಲ್ಲಾ ಕೇಳ್ತೀನಿ." ಬಾಗಿಲು ಹಾಕಿ ಅಗಳಿ ಹಾಕಿದಳು. ನೆರಳು ಬಾವಿಕಟ್ಟೆ ಮುಟ್ಟಿದಾಗ ಹೊರಗೆ ಬಂದು, ಕಡಲೆ ಕೊಟ್ಟು, ನಿಜವಾಗಿಯೂ ಎಲ್ಲ ಕೇಳಿದಳು. ಕೂಡಿಟ್ಟು ಕೇಳಿದರೆ ಅಷ್ಟೂ ಸುದ್ದಿಯಲ್ಲಿ ಒಂದೂ ಅವಸರದ್ದಾಗಿರಲಿಲ್ಲ. ಕರೆದಾಗ ಮಾತ್ರ ಬರುವುದರಲ್ಲಿ ಅಳಿಲಿಗೂ ಸ್ವಾರಸ್ಯ ಉಳಿಯಲಿಲ್ಲ. ಅದು ಮುನಿಸಿಕೊಂಡು ಹೋಯಿತು.

ಆದರೆ ಮರದ ಮೇಲಿನ ಅಣ್ಣ ದಿನೇದಿನೇ ಸೋಲುತ್ತಿದ್ದ. ಮೊದಲು "ಮಾಚೀ" ಎನ್ನುತ್ತಿದ್ದವನು "ಮಾ... ಮಾ..." ಎಂದು ನಿಲ್ಲತೊಡಗಿದ. ಒಂದು ಬೆಳಿಗ್ಗೆ ಅವಳು ಕರೆದರೆ ತಲೆ ಓರೆ ಮಾಡಿ ನೋಡಿದ, ಅಷ್ಟೇ.

"ಸ್ವಾಮಿ, ನಾನು ಅಂಗಳಕ್ಕೆ ಬರ್ತೀನಿ" ಎಂದಳು ಮಾಚಲೆ.

ಸೌಮ್ಯಕೇತು ನಕ್ಕು, "ಎಲ್ಲ ಬಂತೇ ಮಗೂ?" ಎಂದ.

"ಬಂತು ಅಂತ ಅನ್ನಿಸ್ತಿಲ್ಲ. ಅನ್ನಿಸೋದನ್ನ ನಾನು ನಂಬೋದೂ ಇಲ್ಲ. ಕೇಳಿದ ಕಡೆ ಸಿಗುತ್ತೆ, ಅಷ್ಟು ಗೊತ್ತು."

ಅಂಗಳದ ನಡುವೆ ನಿಂತು ಅವಳು ಶುರುಮಾಡಿದಳು. ಕಲ್ಲಿಗೆ ಕಣ್ಣು ಬಂತು, ಕಣ್ಣಿಗೆ ನೀರು ಬಂತು. "ಬಿತ್ತಕ್ಕೆ ಬೇರು ಬರಲಿ" ಎನ್ನುವಷ್ಟರಲ್ಲಿ ನೆಲ ಸೀಳಿ ಎರಡು ತಲೆಯ ಚಿರತೆ ಎದುರಿಗೆ ಹಾರಿ ಘರ್ಜಿಸಿತು. ಎಲ್ಲಿದ್ದೆ? ಕಲ್ಲು, ಕಣ್ಣು... ನಾಲಿಗೆ ಹಿಂದಕ್ಕೆ ಎಳೆಯಿತು. ಅವಳು ಹಲ್ಲು ಕಚ್ಚಿ ನಿಂತು, ಬೇರನ್ನೇ ಹಿಡಿದಳು. "ಬೇರಿಗೆ ಬಲ ಬರಲಿ!" ಚಿರತೆ ಹೊಗೆಯಾಗಿ ಹೋಯಿತು.

"ಬೆಂಕಿಗೆ ಬೆಳಕು ಬರಲಿ" ಎನ್ನುವಾಗ ಚಿನ್ನದ ಅಳಿಲು ಕಾಲಿಗೆ ಸುತ್ತಿಕೊಂಡಿತು. "ಕೇಳಿದ್ಯಾ? ನಿನ್ನಣ್ಣ ಮರದಿಂದ ಬಿದ್ದ! ರೆಕ್ಕೆ ಮುರೀತು! ತಿರುಗಿ ನೋಡೇ!" ಸುಳ್ಳೇ ಇರಬಹುದು. ನಿಜವೂ ಇರಬಹುದು. ನಿಜವಾದರೂ ಅವನನ್ನು ಉಳಿಸುವುದು ಮುಂದಿನ ಸಾಲೇ ಹೊರತು ಹಿಂದಿನ ನೋಟವಲ್ಲ. "ಮುಗಿದ ಮೇಲೆ ಕೇಳ್ತೀನಿ" ಎಂದಳು. "ಬೆಳಕಿಗೆ ಬಾಗಿಲು ಬರಲಿ, ಬಾಗಿಲಿಗೆ ಮನೆ ಬರಲಿ." ಅಳಿಲು ಒಣಗಿದ ಎಲೆಯಾಗಿ ಉದುರಿತು.

"ಮನೆಗೆ ಕೊರಳು ಬರಲಿ" ಎಂದಳು. ಆಗ ಸೌಮ್ಯಕೇತು ಓಲೆ ಹಿಡಿದು ಹತ್ತಿರ ಬಂದ. ಅವನ ಕಣ್ಣಲ್ಲಿ ನೀರಿತ್ತು.

"ಅಯ್ಯೋ ಮಗೂ, ತಪ್ಪಾಯಿತಲ್ಲ. ನಡುವೆ ನೀನು ಒಂದು ಸಾಲು ಬಿಟ್ಟುಬಿಟ್ಟೆ. ಪರವಾಗಿಲ್ಲ, ತುಟಿಯೊಳಗೇ ಒಮ್ಮೆ ಮೊದಲಿಂದ ಹೇಳಿಕೊಂಡು ನೋಡು. ಯಾರಿಗೂ ಕೇಳಿಸುವುದಿಲ್ಲ."

ಇದೇ! ಅಣ್ಣ ಮೋಸಹೋದದ್ದು ಈ ಮಾತಿಗೇ ಎಂದು ಮಾಚಲೆಗೆ ಹೊಳೆಯಿತು. ಆದರೂ ಎದೆಯೊಳಗೆ ಹುಳ ಹೊಕ್ಕಿತು. ನಿಜವಾಗಿ ಬಿಟ್ಟೆನೇ? ಹುಟ್ಟಿದಾಗಿನಿಂದ ಎಲ್ಲರನ್ನೂ ಅನುಮಾನಿಸಿದವಳು ಈಗ ತನ್ನನ್ನೇ ಅನುಮಾನಿಸಿದಳು. ಆದರೆ ಆ ಅನುಮಾನ ಹೊಸದಲ್ಲ. ಓದುವ ಮನೆಯಲ್ಲಿ ದಿನವೂ ಅದೇ ಸಲಾಕೆಯಿಂದ ತನ್ನನ್ನು ಚುಚ್ಚಿಕೊಂಡಿದ್ದಳು. ಮನೆಗೆ ಕೊರಳು ಎಂಬುದು ಹತ್ತಾರು ಸಲ ಕಳೆದು ಹತ್ತಾರು ಸಲ ಸಿಕ್ಕಿದ್ದ ಸಾಲು.

"ಮನೆಗೆ ಕೊರಳಲ್ಲ ಅಂದ್ರೆ ಇನ್ನೇನು ಬರಬೇಕು ಸ್ವಾಮಿ?" ಎಂದಳು. "ಓಲೆ ನೋಡದೆ ಹೇಳಿ."

"ನನಗೇ ಪ್ರಶ್ನೆಯೇ? ಇಷ್ಟು ಜನಕ್ಕೆ ಪಾಠ ಹೇಳಿದವನು ನಾನು!" ಮಾಂತ್ರಿಕ ಗತ್ತಿನಿಂದ ಓಲೆಯನ್ನು ಬೆನ್ನ ಹಿಂದೆ ಹಿಡಿದ. "ಮನೆಗೆ..." ಎಂದ. ನಿಂತ. ಅವನು ಎಷ್ಟೋ ಸಲ ಓದಿದ್ದ, ಆದರೆ ಯಾವಾಗಲೂ ಓಲೆ ಕೈಯಲ್ಲೇ ಇತ್ತು. ಕಣ್ಣು ಮೇಲೆ ಹೋಯಿತು, ಬೆರಳು ತಾಳ ಹಾಕಿತು, ತುಟಿ ಪಿಟಿಪಿಟಿ ಅಲುಗಿತು. "ಕಲ್ಲಿಗೆ ಕಣ್ಣು ಬರಲಿ, ಕಣ್ಣಿಗೆ ನೀರು..."

ಅಷ್ಟೇ. ಅಂಗಳ ಯಾರ ಮುಖವನ್ನೂ ನೋಡುವುದಿಲ್ಲ. ಮಾಂತ್ರಿಕ ನಿಂತಿದ್ದ ಜಾಗದಲ್ಲಿ ಒಂದು ಬಡಕಲು ಗೊರವಂಕ ನಿಂತಿತ್ತು. ಅದು ಓಲೆಯ ಮೇಲೆ ಒಂದೆರಡು ಸಲ ಕುಕ್ಕಿ ಕಾಡಿನ ಕಡೆ ಹಾರಿಹೋಯಿತು.

ಮಾಚಲೆ ಹಿಂದೆ ತಿರುಗಲಿಲ್ಲ. "ಕೊರಳಿಗೆ ಕೂಗು ಬರಲಿ, ಕೂಗಿಗೆ ಹೆಸರು ಬರಲಿ, ಹೆಸರಿಗೆ ಮನುಷ್ಯ ಬರಲಿ" ಎಂದು ಮುಗಿಸಿದಳು.

ಆಲದ ಮರದಿಂದ ತರುಣರು ಹಲಸಿನ ಹಣ್ಣಿನ ಹಾಗೆ ಧೊಪ್ಪಧೊಪ್ಪನೆ ಉದುರಿದರು. ರಾಜಕುಮಾರ ಬಿದ್ದದ್ದು ಮುಳ್ಳುಪೊದೆಗೆ, ಆದರೂ ನಗುತ್ತಿದ್ದ. ಬೊಪ್ಪಣ್ಣ ಮಾತ್ರ ಎದ್ದು ನಿಂತು ತಂಗಿಯನ್ನೇ ನೋಡುತ್ತಿದ್ದ. ಯಾರ ರೆಕ್ಕೆಯೂ, ಕೈಯೂ ಮುರಿದಿರಲಿಲ್ಲ. ಆದರೆ ಅವನ ಮುಖದಲ್ಲಿ ಗುರುತಿರಲಿಲ್ಲ.

"ನೀನು..." ಎಂದ. "ನೀನು ನನ್ನ..."

ಹೆಸರು ಅವಳ ತುಟಿಯ ತುದಿಯಲ್ಲಿತ್ತು. ಹೇಳಿಬಿಟ್ಟರೆ ಅವನು "ಹೌದು, ಹೌದು" ಎನ್ನುತ್ತಿದ್ದ, ನಾಳೆಗೆ ಮರೆಯುತ್ತಿದ್ದ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮರದಲ್ಲಿ ಆ ಹೆಸರು ಕೇಳಿದ್ದ ರಾಜಕುಮಾರ ತಡೆಯಲಾರದೆ ಹೇಳಿಕೊಡಲು ಬಾಯಿ ತೆರೆದರೆ ಅವಳು ಕೈಯೆತ್ತಿ ತಡೆದಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನಿಧಾನಕ್ಕೆ ಹುಡುಕಣ್ಣ" ಎಂದಳು. "ನಾನೇನೂ ಎಲ್ಲಿಗೂ ಹೋಗಲ್ಲ."

ಬೊಪ್ಪಣ್ಣ ಹಣೆ ಉಜ್ಜಿಕೊಂಡ. ಹುಬ್ಬಿನ ಗೀರು ಮುಟ್ಟಿ ನೋಡಿಕೊಂಡ. ಮರವನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದ. ಆಮೇಲೆ ಅವನ ಬಾಯಿಂದ, ಆಳದ ಬಾವಿಯಿಂದ ಕೊಡ ಮೇಲೆ ಬಂದ ಹಾಗೆ, ಒಂದೇ ಮಾತು ಬಂತು.

"ಮಾಚೀ."

ಆಮೇಲೆ ಅವನು ಅದನ್ನು ಎಂದೂ ಮರೆಯಲಿಲ್ಲ. ಅಂದಣಗಿರಿಯವರು ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಕತೆ ಹೇಳುವವರೆಲ್ಲ ಹಾಗೇ ಹೇಳುತ್ತಾರೆ ಎಂದು ನೀವು ಅನುಮಾನಪಟ್ಟರೆ ನನಗೆ ಸಂತೋಷವೇ.