ನಾಲ್ಕು ಗಂಟೆಗೆ ನೀರು ಕುಡಿದವನು

ಹದಿನಾಲ್ಕನೇ ತಾರೀಖು, ಮಧ್ಯಾಹ್ನ 3.10. ಕೋರ್ಟಿನಿಂದ ಬಂದ ಇನ್‌ಸ್ಪೆಕ್ಟರ್ ಟೋಪಿ ತೆಗೆದಿಡುವಷ್ಟರಲ್ಲಿ ವೆಲ್ಡರನ ಅಕ್ಕ ಎದುರು ಬಂದು ನಿಂತಳು.

"ನನ್ನ ತಮ್ಮನ್ನ ನಿಮ್ಮೋರೇ ಕೊಂದಿದ್ದಾರೆ. ಬರ್ಕೊಳ್ಳಿ."

ತಾಮ್ರದ ತಂತಿ ಕದ್ದ ಅನುಮಾನದ ಮೇಲೆ ಆ ವೆಲ್ಡರನನ್ನು ಬೆಳಿಗ್ಗೆ ಒಂಬತ್ತಕ್ಕೆ ಕರೆತಂದಿದ್ದರು. 1.40ಕ್ಕೆ ಆಸ್ಪತ್ರೆ ತಲುಪುವಾಗಲೇ ಅವನು ಹೆಣವಾಗಿದ್ದ. ಎದೆನೋವು ಎಂದು ದಫೇದಾರ ಫೋನಿನಲ್ಲಿ ಹೇಳಿದ್ದನ್ನು ಇನ್‌ಸ್ಪೆಕ್ಟರ್ ನಂಬಿದ್ದರು.

"ಎದೆನೋವು ಅಂದ್ರು?"

"ಅವನಿಗೆ ಆಸ್ತಮಾ. ಉಸಿರಿನ ಪಂಪಿಲ್ದೆ ಬಚ್ಚಲಿಗೂ ಹೋಗ್ತಿರ್ಲಿಲ್ಲ. ಎಲ್ಲಿ ಅದು?"

ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಕೂತರು. ಎಫ್‌ಐಆರ್ ಅನ್ನು ತಾವೇ ಬರೆಯತೊಡಗಿದರು.

"ನಮ್ಮ ಸ್ಟೇಷನ್ ಮೇಲೆ ನಾವೇನಾ ಸಾರ್?" ದಫೇದಾರ ಪಿಸುಗುಟ್ಟಿದ.

"ಕಂಬಿ ಒಳಗಿರೋನ ಜೀವಕ್ಕೆ ನಾವಲ್ದೆ ಇನ್ಯಾರ್ರೀ ಜವಾಬು?"

3.35ಕ್ಕೆ ಮ್ಯಾಜಿಸ್ಟ್ರೇಟರಿಗೆ ವಿಷಯ ಹೋಯಿತು. 3.50ಕ್ಕೆ ಎದುರಂಗಡಿಯ ದರ್ಜಿ ಮತ್ತು ಅವನ ಭಾವನನ್ನು ಪಂಚರಾಗಿ ಕೂರಿಸಿ ಪಂಚನಾಮೆ ಶುರುವಾಯಿತು. ಲಾಕಪ್ಪಿನಲ್ಲಿದ್ದವರನ್ನು ಅರ್ಧ ಗಂಟೆಗೊಮ್ಮೆ ಕಣ್ಣಾರೆ ಕಂಡು ಬರೆಯಬೇಕಾದ ಪುಸ್ತಕದಲ್ಲಿ ವೆಲ್ಡರನ ಪುಟವನ್ನು ಕಾನ್‌ಸ್ಟೇಬಲ್ ಓದಿದ.

"ಮೂರೂವರೆ, ಮಲಗಿದ್ದಾನೆ, ಆರೋಗ್ಯ ಸರಿಯಿದೆ. ನಾಲ್ಕು, ನೀರು ಕುಡಿದ, ಆರೋಗ್ಯ ಸರಿಯಿದೆ."

ದರ್ಜಿ ಗೋಡೆ ಗಡಿಯಾರ ನೋಡಿದ. ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು.

"ಏನ್ರೀ ಇದು?" ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್‌ನನ್ನು ಕೇಳಿದರು.

"ಬೆಳಿಗ್ಗೇನೇ ಇಡೀ ದಿನದ್ದು ಬರೆದಿಡ್ತೀವಿ ಸಾರ್. ಎಲ್ಲಾ ಪಾಳಿಯೋರೂ ಹಾಗೇ."

ಪುಟದ ಕೆಳಗೆ ಇನ್‌ಸ್ಪೆಕ್ಟರರದೇ ರುಜು. ಬೆಳಿಗ್ಗೆ ಚಹಾ ಕುಡಿಯುತ್ತ, ಓದದೆ ಗೀಚಿದ್ದು. ಅವರು ಆ ರುಜುವಿನ ಮೇಲೆ ಬೆರಳಿಟ್ಟರು.

"ಅದನ್ನೂ ಬರೀರಿ," ಎಂದರು.

ಪಂಪು ದಫೇದಾರನ ಮೇಜಿನ ಖಾನೆಯಲ್ಲಿ ಸಿಕ್ಕಿತು.

"ಅವನು ಕೇಳ್ದ್ನಾ?"

"ಕೇಳ್ದ. ತಂತಿ ಎಲ್ಲಿದೆ ಹೇಳು, ಕೊಡ್ತೀನಿ ಅಂದೆ."

"ಎಷ್ಟು ಸಲ ಕೇಳ್ದ?"

"ಮೂರು ಸಲ. ಆಮೇಲೆ... ಕೇಳೋಕಾಗ್ಲಿಲ್ಲ ಅವನಿಗೆ."

ಕಾನ್‌ಸ್ಟೇಬಲ್‌ನ ಪೆನ್ನು ನಿಂತುಬಿಟ್ಟಿತು.

ಸಂಜೆ 5.20ಕ್ಕೆ ದಫೇದಾರನ ದಸ್ತಗಿರಿಯಾಯಿತು. ಸತ್ತವನ ಮೇಲೆ ಅವನಿಗೆ ಹಗೆ ಇರಲಿಲ್ಲ. ಹಿಂದೊಮ್ಮೆ ಹೊಟ್ಟೆನೋವಿನ ನಾಟಕವಾಡಿ ಆರೋಪಿಯೊಬ್ಬ ಅವನ ಕೈಯಿಂದ ತಪ್ಪಿಸಿಕೊಂಡಿದ್ದ. ಬಡ್ತಿ ಹೋಗಿತ್ತು, ಠಾಣೆಯೆಲ್ಲ ನಕ್ಕಿತ್ತು. ಅಂದಿನಿಂದ ಅವನು ಯಾರ ನರಳಾಟವನ್ನೂ ನಂಬಿರಲಿಲ್ಲ.

ಬೇರೆ ಠಾಣೆಗೆ ಒಯ್ಯಲು ಜೀಪು ಬಂತು. ಇನ್‌ಸ್ಪೆಕ್ಟರ್ ಅವನನ್ನು ತಡೆದರು.

"ದಿನಾ ತಗೊಳ್ಳೋ ಔಷಧಿ ಏನಾದ್ರೂ ಇದೆಯಾ?"

"ಬಿಪಿ ಮಾತ್ರೆ ಸಾರ್."

"ಜೊತೇಲೇ ಕೊಟ್ಟು ಕಳಿಸ್ರೀ. ಕೇಳಿದ ತಕ್ಷಣ ಕೊಡ್ಬೇಕು ಅಂತ ಹೇಳಿ."

ಬೆಂಚಿನ ಮೇಲಿದ್ದ ಅಕ್ಕ ಅದುವರೆಗೂ ಅತ್ತಿರಲಿಲ್ಲ. ಈಗ ಅತ್ತಳು.